ಸ್ಟಾರ್ ಆಮೇಲೆ ಎಣಿಸಿ, ಮೊದಲು ಯೂನಿಟ್ ಓದಿ: ಅಂಗಡಿಗೆ ಡೀಪ್ ಫ್ರೀಜರ್ ಕೊಳ್ಳುವವರಿಗೆ

ಹಾಸನದಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಕ್ರೀಮು, ಬೆಣ್ಣೆ, ಪಫ್ಸ್‌ಗೆ ಕಲಸಿದ ಹಿಟ್ಟು ಇಡಲು ಒಂದು ಡೀಪ್ ಫ್ರೀಜರ್ ಬೇಕಾಗಿತ್ತು. ಮಾರುವವರು ಗಾಜಿನ ಮುಚ್ಚಳದ್ದೊಂದನ್ನು ತೋರಿಸಿ, "ಫೈವ್ ಸ್ಟಾರ್ ಸಾರ್, ಕಣ್ಣು ಮುಚ್ಕೊಂಡು ತಗೊಂಡೋಗಿ" ಅಂದರು. ನಾನು ಹಾಗೇ ಮಾಡಿದೆ. ತಂದು ಒಳಗಡೆ, ಗಿರಾಕಿಗಳ ಕಣ್ಣಿಗೇ ಬೀಳದ ಜಾಗದಲ್ಲಿ, ಓವನ್ ಪಕ್ಕದ ಗೋಡೆಗೆ ಒರಗಿಸಿ ಇಟ್ಟೆ.

ಬಿಲ್ಲು ಏರಿತು. ಎರಡನೇ ತಿಂಗಳು ಫ್ರಿಜ್ ರಿಪೇರಿಯ ಹುಡುಗ ಬೇರೇನೋ ಕೆಲಸಕ್ಕೆ ಬಂದವನು ಅದನ್ನು ನೋಡಿ ನಕ್ಕ. "ಅಣ್ಣಾ, ಇಲ್ಲಿ ಯಾರಿಗೆ ತೋರಿಸೋಕೆ ಈ ಗಾಜು?" ಆಮೇಲೆ ಲೇಬಲ್ ಮೇಲೆ ಬೆರಳಿಟ್ಟ. ಸ್ಟಾರ್ ಮೇಲಲ್ಲ, ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿದ್ದ ಜಾಗದ ಮೇಲೆ. ಅಷ್ಟೇ ಲೀಟರಿನ, ಗಟ್ಟಿ ಮುಚ್ಚಳದ ತ್ರೀ ಸ್ಟಾರ್ ಪೆಟ್ಟಿಗೆ ಇದಕ್ಕಿಂತ ಕಡಿಮೆ ಕರೆಂಟು ತಿನ್ನುತ್ತದೆ ಅಂತ ಮೊಬೈಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ನನಗೆ ಮಾತೇ ಹೊರಡಲಿಲ್ಲ.

ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತು, ಮೀನು-ಚಿಕನ್ ಅಂಗಡಿ, ಹೋಟೆಲು, ಐಸ್‌ಕ್ರೀಮ್ ಪಾರ್ಲರ್ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವುದಕ್ಕೆ ಲೇಬಲ್ ಇದೆ, ಯಾವುದಕ್ಕೆ ಇಲ್ಲ ಅಂತ ತಿಳಿದುಕೊಳ್ಳಿ

ಸ್ಟಾರ್ ಲೇಬಲ್ ಕೊಡುವುದು ಬಿಇಇ, ಅಂದರೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಶುರುವಾದ ಸಂಸ್ಥೆ. ಸ್ಟಾರ್ ಹಚ್ಚುವ ಕೆಲಸ ಶುರುವಾಗಿದ್ದು 2006ರಲ್ಲಿ. ಮೊದಲು ಬಂದಿದ್ದು ಮನೆ ಫ್ರಿಜ್, ಟ್ಯೂಬ್‌ಲೈಟು ಇಂಥವು. ಡೀಪ್ ಫ್ರೀಜರ್‌ಗಳ ಸರದಿ ಬಂದಿದ್ದು 2020ರ ಮಾರ್ಚ್ 2ರಂದು. ಆಗ ಅದು ಕಡ್ಡಾಯ ಆಗಿರಲಿಲ್ಲ, ಇಷ್ಟ ಇದ್ದ ಕಂಪನಿ ಹಚ್ಚಬಹುದಿತ್ತು. ಹಾಗಾಗಿ ಹಳೆಯ ಸ್ಟಾಕಿನಲ್ಲಿ, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಲೇಬಲ್ಲೇ ಇಲ್ಲದ ಪೆಟ್ಟಿಗೆಗಳು ಸಿಕ್ಕರೆ ಆಶ್ಚರ್ಯ ಪಡಬೇಡಿ.

ಸ್ಥಳೀಯವಾಗಿ ಮಾಡಿಸುವ ಪೇಸ್ಟ್ರಿ ಕೌಂಟರ್, ಹೋಟೆಲಿನ ನಾಲ್ಕು ಬಾಗಿಲ ಸ್ಟೀಲ್ ಬೀರು, ಕೋಲ್ಡ್ ರೂಮ್ ಇವುಗಳ ಮೇಲೆ ಸ್ಟಾರ್ ಹುಡುಕಬೇಡಿ. ಅಲ್ಲಿ ನೋಡಬೇಕಾದ್ದು ಒಳಗಿನ ಪಫ್ (ಬಿಸಿ ಒಳಗೆ ಬರದಂತೆ ಗೋಡೆಯೊಳಗೆ ತುಂಬುವ ಫೋಮು) ಎಷ್ಟು ದಪ್ಪ, ಕಂಪ್ರೆಸರ್ ಯಾವುದು, ಗಾಜು ಒಂದು ಪದರವೋ ಎರಡೋ ಅನ್ನುವುದು. ಬಾಗಿಲಲ್ಲಿ ಗಾಜಿರುವ, ನಿಲ್ಲಿಸುವ ವಿಸಿ ಕೂಲರ್ ಮೇಲೆ ಲೇಬಲ್ ಕಾಣದಿದ್ದರೆ "24 ಗಂಟೆಗೆ ಎಷ್ಟು ಯೂನಿಟ್?" ಅಂತ ಕೇಳಿ, ಕಂಪನಿಯ ಕಾಗದದಲ್ಲಿ ತೋರಿಸಲು ಹೇಳಿ. ಬಾಯಿಮಾತಿನ ಉತ್ತರ ಬೇಡ.

ಇನ್ನೊಂದು ಮಾತು. ಮನೆ ಫ್ರಿಜ್ಜನ್ನು ಅಂಗಡಿಗೆ ತಂದು ಇಡುವವರಿದ್ದಾರೆ. ಸ್ಟಾರ್ ಇದೆ, ಬೆಲೆ ಕಡಿಮೆ, ನಿಜ. ಆದರೆ ದಿನಕ್ಕೆ ಇನ್ನೂರು ಸಲ ಬಾಗಿಲು ತೆಗೆಯಲು ಅದನ್ನು ಮಾಡಿದ್ದಲ್ಲ. ಅದರ ಲೇಬಲ್ಲಿನ ಸಂಖ್ಯೆಗೂ ನಿಮ್ಮ ಅಂಗಡಿಗೂ ಸಂಬಂಧ ಇರುವುದಿಲ್ಲ.

ಹೆಜ್ಜೆ 2: ಪೆಟ್ಟಿಗೆ ಯಾವ ಬಗೆಯದು ಬೇಕು, ಮೊದಲು ಅದನ್ನು ತೀರ್ಮಾನ ಮಾಡಿ

ಈ ಹೆಜ್ಜೆಯನ್ನೇ ನಾನು ಬಿಟ್ಟಿದ್ದು. ಲೇಬಲ್ ಓದುವುದಕ್ಕಿಂತ ದೊಡ್ಡ ಉಳಿತಾಯ ಇಲ್ಲೇ ಇದೆ.

ಡೀಪ್ ಫ್ರೀಜರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಹಾರ್ಡ್ ಟಾಪ್, ಅಂದರೆ ಗಟ್ಟಿ ಮುಚ್ಚಳದ್ದು. ಅದರ ಮುಚ್ಚಳದೊಳಗೂ ಪಫ್ ತುಂಬಿರುತ್ತದೆ. ಇನ್ನೊಂದು ಗ್ಲಾಸ್ ಟಾಪ್, ಗಾಜು ಜರುಗಿಸಿ ತೆಗೆಯುವುದು, ಐಸ್‌ಕ್ರೀಮ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಗಾಜಿನ ಮೂಲಕ ಬಿಸಿ ಸುಲಭವಾಗಿ ಒಳಗೆ ಇಳಿಯುತ್ತದೆ. ಮೇಲೆ ಟ್ಯೂಬ್‌ಲೈಟ್ ಬಿದ್ದರೂ ಅದು ಬಿಸಿಯೇ. ಅದಕ್ಕೇ ಗಾಜಿನದ್ದು ಯಾವಾಗಲೂ ಜಾಸ್ತಿ ತಿನ್ನುತ್ತದೆ.

ಈಗ ಮುಖ್ಯ ವಿಷಯ. ಸ್ಟಾರ್ ಕೊಡುವಾಗ ಗಟ್ಟಿ ಮುಚ್ಚಳದ್ದನ್ನು ಗಟ್ಟಿ ಮುಚ್ಚಳದ್ದರ ಜೊತೆ, ಗಾಜಿನದ್ದನ್ನು ಗಾಜಿನದ್ದರ ಜೊತೆ ಹೋಲಿಸುತ್ತಾರೆ. ಇಷ್ಟು ಯೂನಿಟ್‌ಗೆ ಇಷ್ಟು ಸ್ಟಾರ್ ಅನ್ನುವ ಕೋಷ್ಟಕ ಎರಡಕ್ಕೂ ಬೇರೆ ಬೇರೆ. ಶಾಲೆಯಲ್ಲಿ ಐದನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ಫಸ್ಟ್ ರ‍್ಯಾಂಕ್ ಬೇರೆ ಬೇರೆ ಇರುತ್ತದಲ್ಲ, ಹಾಗೆ. ಗಾಜಿನ ಪೆಟ್ಟಿಗೆಯ ಫೈವ್ ಸ್ಟಾರ್ ಅಂದರೆ ಗಾಜಿನ ಪೆಟ್ಟಿಗೆಗಳ ಪೈಕಿ ಜಾಣ ಅಂತ ಅರ್ಥ, ಅಷ್ಟೇ.

ಗಿರಾಕಿ ನೋಡಿ ಕೊಳ್ಳುವ ಮಾಲು, ಅಂದರೆ ಕುಲ್ಫಿ, ಕಪ್ ಐಸ್‌ಕ್ರೀಮ್ ಇದ್ದರೆ ಗಾಜು ಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಕಾಣದಿದ್ದರೆ ಮಾರಾಟವೇ ಆಗುವುದಿಲ್ಲ. ಆದರೆ ಗೋಡೌನು, ಅಡುಗೆಮನೆ, ಒಳಕೋಣೆಗೆ ಗಾಜು ಸುಮ್ನೆ ದಂಡ. ನಮ್ಮದನ್ನು ಈಗ ಹೊರಗೆ ಕೌಂಟರ್ ಪಕ್ಕ ತಂದಿದ್ದೇವೆ, ಐಸ್‌ಕ್ರೀಮ್‌ಗೆ. ಹಿಟ್ಟಿಗೆ, ಬೆಣ್ಣೆಗೆ ಗಟ್ಟಿ ಮುಚ್ಚಳದ್ದೇ ಇನ್ನೊಂದು ತಂದೆವು.

ಲೀಟರಿನ ವಿಷಯದಲ್ಲೂ ಇದೇ ಎಚ್ಚರ. ಪೆಟ್ಟಿಗೆ ದೊಡ್ಡದಾದಷ್ಟೂ ಅದಕ್ಕೆ ಜಾಸ್ತಿ ಯೂನಿಟ್ ಬಳಸಲು ಕೋಷ್ಟಕದಲ್ಲಿ ಅವಕಾಶ ಇರುತ್ತದೆ. 500 ಲೀಟರಿನ ಫೈವ್ ಸ್ಟಾರ್, 200 ಲೀಟರಿನ ತ್ರೀ ಸ್ಟಾರ್‌ಗಿಂತ ಜಾಸ್ತಿ ತಿನ್ನಬಹುದು. "ಮುಂದೆ ವ್ಯಾಪಾರ ಬೆಳೆದರೆ ಇರಲಿ" ಅಂತ ದೊಡ್ಡದು ತಂದು ಅರ್ಧ ಖಾಲಿ ಇಡುವುದು ನಮ್ಮಲ್ಲಿ ರೂಢಿ. ಒಂದು ಕೆಲಸ ಮಾಡಿ: ಜೋರು ವ್ಯಾಪಾರದ ವಾರದಲ್ಲಿ ನಿಮ್ಮ ಹತ್ತಿರ ಎಷ್ಟು ಮಾಲು ಇರುತ್ತದೆ ಅಂತ ಕ್ರೇಟ್ ಲೆಕ್ಕದಲ್ಲಿ ಬರೆದುಕೊಳ್ಳಿ. ಆ ಕ್ರೇಟಿನ ಅಳತೆ ಟೇಪಿನಲ್ಲಿ ಹಿಡಿದು ಅಂಗಡಿಗೆ ಹೋಗಿ. ಪೆಟ್ಟಿಗೆಯ ಬಾಗಿಲು ತೆಗೆಸಿ ಒಳಗೆ ಅಳೆಯಿರಿ. ಕಂಪ್ರೆಸರ್ ಇರುವ ಕಡೆ ತಳ ಮೆಟ್ಟಿಲಿನಂತೆ ಮೇಲೆದ್ದಿರುತ್ತದೆ, ಅಲ್ಲಿ ಕ್ರೇಟು ಕೂರುವುದಿಲ್ಲ. ಮಾರುವವರು ಹೇಳುವ ಲೀಟರು ಒಟ್ಟು ಜಾಗದ್ದಾ, ಬಳಕೆಗೆ ಸಿಗುವ ಜಾಗದ್ದಾ ಅಂತಲೂ ಕೇಳಿ.

ಹೆಜ್ಜೆ 3: ಲೇಬಲ್ ಮುಂದೆ ಎರಡು ನಿಮಿಷ ನಿಲ್ಲಿ

ಮೇಲೆ ದೊಡ್ಡದಾಗಿ ಸ್ಟಾರ್‌ಗಳು. ಕಣ್ಣು ಅಲ್ಲೇ ನಿಲ್ಲಲಿ ಅಂತಲೇ ಹಾಗೆ ಮಾಡಿರುವುದು. ಅದನ್ನು ದಾಟಿ ಕೆಳಗೆ ಬನ್ನಿ.

ವರ್ಷಕ್ಕೆ ಎಷ್ಟು ಯೂನಿಟ್ ಅನ್ನುವ ಸಂಖ್ಯೆ ಇರುತ್ತದೆ. ಇದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. 365ರಿಂದ ಭಾಗಿಸಿದರೆ ದಿನದ ಲೆಕ್ಕ ಸಿಗುತ್ತದೆ. 900 ಅಂತ ಇದ್ದರೆ ದಿನಕ್ಕೆ ಹತ್ತಿರ ಹತ್ತಿರ ಎರಡೂವರೆ ಯೂನಿಟ್.

ಅದರ ಜೊತೆಗೆ ಕಂಪನಿ ಹೆಸರು, ಮಾಡೆಲ್, ಪೆಟ್ಟಿಗೆಯ ಬಗೆ, ಲೀಟರು. ಮಾಡೆಲ್ ನಂಬರನ್ನು ಹಿಂದುಗಡೆ ಇರುವ ಲೋಹದ ತಗಡಿನ ನಂಬರಿನ ಜೊತೆ ತಾಳೆ ಹಾಕಿ. ಕೊನೆಯ ಒಂದು ಅಕ್ಷರ ಬದಲಾದರೂ ಅದು ಬೇರೆ ಮಾಡೆಲ್.

ಆಮೇಲೆ ಲೇಬಲ್ ಅವಧಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ. ಇದನ್ನು ಯಾರೂ ಓದುವುದಿಲ್ಲ. ಬಿಇಇ ಆಗಾಗ ಕೋಷ್ಟಕವನ್ನು ಬಿಗಿ ಮಾಡುತ್ತದೆ. ಬಿಗಿ ಮಾಡಿದಾಗ ನಿನ್ನೆಯ ಫೈವ್ ಸ್ಟಾರ್ ಇವತ್ತಿನ ಫೋರ್ ಸ್ಟಾರೋ ತ್ರೀ ಸ್ಟಾರೋ ಆಗುತ್ತದೆ. ಯಂತ್ರ ಅದೇ, ಯೂನಿಟ್ ಅದೇ, ಸ್ಟಾರ್ ಮಾತ್ರ ಇಳಿಯುತ್ತದೆ. ಹಳೆಯ ಅವಧಿಯ ಫೈವ್ ಸ್ಟಾರ್ ಪೆಟ್ಟಿಗೆಯನ್ನು ಹೊಸ ಅವಧಿಯ ಫೋರ್ ಸ್ಟಾರ್ ಪಕ್ಕ ಇಟ್ಟು "ಇದೇ ಒಳ್ಳೇದು" ಅಂದರೆ ನಂಬಬೇಡಿ. ಯೂನಿಟ್ ಸಂಖ್ಯೆ ಸುಳ್ಳು ಹೇಳುವುದಿಲ್ಲ, ಎರಡನ್ನೂ ಓದಿ ನೋಡಿ.

ತಗಡಿನ ಮೇಲೆ ವ್ಯಾಟ್ ಅಂತಲೂ ಒಂದು ಸಂಖ್ಯೆ ಇರುತ್ತದೆ. ಕೆಲವರು ಅದನ್ನೇ 24ರಿಂದ ಗುಣಿಸಿ ಗಾಬರಿಯಾಗುತ್ತಾರೆ. 180 ವ್ಯಾಟ್ ಅಂದರೆ ದಿನಕ್ಕೆ 4.3 ಯೂನಿಟ್ ಅಲ್ಲ. ತಣ್ಣಗಾದ ಮೇಲೆ ಕಂಪ್ರೆಸರ್ ಕಟ್ ಆಫ್ ಆಗುತ್ತದೆ, ಮತ್ತೆ ಶುರುವಾಗುತ್ತದೆ. ಅರ್ಧ ಹೊತ್ತು ಓಡಿದರೆ ಎರಡು ಯೂನಿಟ್ ಚಿಲ್ಲರೆ. ಒಳ್ಳೆಯ ಪೆಟ್ಟಿಗೆಗೂ ಕೆಟ್ಟ ಪೆಟ್ಟಿಗೆಗೂ ವ್ಯತ್ಯಾಸ ಇರುವುದು ಎಷ್ಟು ಹೊತ್ತು ಓಡುತ್ತದೆ ಅನ್ನುವುದರಲ್ಲೇ.

ಅದೇ ತಗಡಿನಲ್ಲಿ ಗ್ಯಾಸಿನ ಹೆಸರೂ ಇರುತ್ತದೆ. ಆರ್-290 ಅಂದರೆ ಪ್ರೋಪೇನ್, ಆರ್-600ಎ ಅಂದರೆ ಐಸೊಬ್ಯೂಟೇನ್. ಹೊಸ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇವೇ. ಹಳೆಯ ಆರ್-134ಎ ಗಾಳಿಗೆ ಸೋರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-404ಎ ಆದರೆ 3900 ಪಟ್ಟಿಗೂ ಮೇಲೆ. ಪ್ರೋಪೇನ್ ಲೆಕ್ಕ ಮೂರರ ಆಸುಪಾಸು. ಆದರೆ ಪ್ರೋಪೇನ್ ಹೊತ್ತಿಕೊಳ್ಳುವ ಗ್ಯಾಸು, ಅಡುಗೆ ಸಿಲಿಂಡರಿನಲ್ಲಿರುವುದರ ನೆಂಟ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸು ಕೀಳಬೇಡಿ. ಆ ಗ್ಯಾಸಿನ ಕೆಲಸ ಗೊತ್ತಿರುವ ಮೆಕ್ಯಾನಿಕ್ಕನ್ನೇ ಕರೆಯಿರಿ.

ಹೆಜ್ಜೆ 4: ಚೀಟಿಯ ಹಿಂದೆ ಲೆಕ್ಕ ಹಾಕಿ

ಮೂರು ಪೆಟ್ಟಿಗೆ ನೋಡಿದಿರಿ ಅಂತ ಇಟ್ಟುಕೊಳ್ಳಿ, ಮೂರೂ 300 ಲೀಟರಿನವು. ಸಂಖ್ಯೆಗಳು ಲೆಕ್ಕ ಕಲಿಯಲು ನಾನು ಇಟ್ಟವು. ಗಟ್ಟಿ ಮುಚ್ಚಳ ತ್ರೀ ಸ್ಟಾರ್, ವರ್ಷಕ್ಕೆ 700 ಯೂನಿಟ್. ಗಟ್ಟಿ ಮುಚ್ಚಳ ಫೈವ್ ಸ್ಟಾರ್, 520. ಗಾಜಿನ ಫೈವ್ ಸ್ಟಾರ್, 900.

ಯೂನಿಟ್‌ಗೆ 8 ರೂಪಾಯಿ ಹಿಡಿಯೋಣ. ನಿಮ್ಮದು ಎಷ್ಟು ಅಂತ ಬಿಲ್ಲಿನಲ್ಲಿ ನೋಡಿ. ಅಂಗಡಿ ಮೀಟರಿನ ದರ ಮನೆಯದ್ದಲ್ಲ. ಒಟ್ಟು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಬೇಡಿ, ಅದರಲ್ಲಿ ನಿಗದಿತ ಶುಲ್ಕ ಸೇರಿರುತ್ತದೆ. ಅದು ಮಂಜೂರಾದ ಲೋಡಿಗೆ ತಕ್ಕಂತೆ ಬರುವುದು, ಫ್ರೀಜರ್ ಎಷ್ಟು ಜಾಣ ಆದರೂ ಇಳಿಯುವುದಿಲ್ಲ. ಯೂನಿಟ್ ದರ, ಇಂಧನ ಹೊಂದಾಣಿಕೆ, ಅವುಗಳ ಮೇಲಿನ ತೆರಿಗೆ, ಇಷ್ಟು ಸೇರಿಸಿ.

ಗಟ್ಟಿ ಮುಚ್ಚಳದ ಎರಡರ ನಡುವೆ 180 ಯೂನಿಟ್ ವ್ಯತ್ಯಾಸ, ವರ್ಷಕ್ಕೆ 1440 ರೂಪಾಯಿ. ಫೈವ್ ಸ್ಟಾರ್‌ಗೆ 5000 ಜಾಸ್ತಿ ಕೇಳಿದರೆ ಮೂರೂವರೆ ವರ್ಷದಲ್ಲಿ ಹುಟ್ಟಿತು. ಪೆಟ್ಟಿಗೆ ಹತ್ತು ವರ್ಷ ಬಾಳಿದರೆ ಉಳಿದ ಆರೂವರೆ ವರ್ಷ ಲಾಭವೇ. 12,000 ಜಾಸ್ತಿ ಕೇಳಿದರೆ? ಎಂಟು ವರ್ಷಕ್ಕೂ ಮೇಲೆ ಬೇಕು. ಆಗ ನಾನಾದರೆ ತ್ರೀ ಸ್ಟಾರ್ ತಂದು, ಮಿಕ್ಕ ದುಡ್ಡಿನಲ್ಲಿ ಒಳ್ಳೆಯ ಸ್ಟೆಬಿಲೈಜರ್ ಹಾಕಿಸುತ್ತೇನೆ. ಸ್ಟಾರ್ ಜಾಸ್ತಿ ಇದ್ದದ್ದೇ ಯಾವಾಗಲೂ ಲಾಭ ಅಂತೇನಿಲ್ಲ.

ಈಗ ಗಾಜಿನದ್ದನ್ನು ನೋಡಿ. ಫೈವ್ ಸ್ಟಾರ್ ಆದರೂ ಗಟ್ಟಿ ಮುಚ್ಚಳದ ತ್ರೀ ಸ್ಟಾರ್‌ಗಿಂತ 200 ಯೂನಿಟ್ ಜಾಸ್ತಿ. ವರ್ಷಕ್ಕೆ 1600 ರೂಪಾಯಿ. ಆ ಗಾಜು ನಿಮಗೆ ವರ್ಷಕ್ಕೆ ಅಷ್ಟು ಲಾಭದ ಐಸ್‌ಕ್ರೀಮ್ ಮಾರಿಸಿಕೊಟ್ಟರೆ ಸರಿ.

ಮನೆ ಮುಂದೆಯೇ ಅಂಗಡಿ ಇಟ್ಟಿರುವವರಿಗೆ ಒಂದು ಕಿವಿಮಾತು: ಗೃಹಜ್ಯೋತಿ ಇದೆಯಲ್ಲ ಅಂತ ಮನೆ ಮೀಟರಿಗೆ ಅಂಗಡಿ ಫ್ರೀಜರ್ ಸಿಕ್ಕಿಸಬೇಡಿ. ಆ ಯೋಜನೆ ಮನೆ ಬಳಕೆಗೆ ಮಾತ್ರ. ಸಿಕ್ಕಿಬಿದ್ದರೆ ಕಟ್ಟಬೇಕಾಗುವ ದಂಡದ ಮುಂದೆ ಈ ಸ್ಟಾರ್ ಲೆಕ್ಕವೆಲ್ಲ ಚಿಲ್ಲರೆ.

ಹೆಜ್ಜೆ 5: ಸ್ಟಾರ್ ನಿಜವಾ ಅಂತ ನೋಡಿ

ಬಿಇಇಯದೇ ಒಂದು ಮೊಬೈಲ್ ಆ್ಯಪ್ ಇದೆ, ಬಿಇಇ ಸ್ಟಾರ್ ಲೇಬಲ್ ಅಂತ. ಅದರಲ್ಲಿ ಉಪಕರಣದ ಬಗೆ ಆರಿಸಿ, ಕಂಪನಿ ಮತ್ತು ಮಾಡೆಲ್ ಹುಡುಕಿದರೆ ನೋಂದಣಿಯಾದ ಮಾಡೆಲ್‌ಗಳು ಸಿಗುತ್ತವೆ. ಎರಡು ಮೂರನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನಮ್ಮ ರಿಪೇರಿ ಹುಡುಗ ತೋರಿಸಿದ್ದು ಇದನ್ನೇ. ಅಂಗಡಿಯಲ್ಲಿ ನಿಂತುಕೊಂಡೇ ಮಾಡಿ, ಸಂಕೋಚ ಬೇಡ. ಆ್ಯಪ್‌ನಲ್ಲಿ ಮಾಡೆಲ್ ಇಲ್ಲದೆ ಪೆಟ್ಟಿಗೆ ಮೇಲೆ ಮಾತ್ರ ಸ್ಟಾರ್ ಇದ್ದರೆ ಕಾರಣ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಬಿಲ್ಲಿನಲ್ಲಿ ಮಾಡೆಲ್ ನಂಬರನ್ನು ಪೂರ್ತಿ ಬರೆಸಿಕೊಳ್ಳಿ. "ಡೀಪ್ ಫ್ರೀಜರ್ 300 ಲೀ." ಅಂತ ಮಾತ್ರ ಬರೆದ ಬಿಲ್ಲು ವಾರಂಟಿಗೂ ಉಪಯೋಗವಿಲ್ಲ.

ಪುಕ್ಕಟೆ ಕೂಲರ್ ಬಂದರೆ

ಕೂಲ್‌ಡ್ರಿಂಕ್ಸ್, ಐಸ್‌ಕ್ರೀಮ್ ಕಂಪನಿಯವರು ತಮ್ಮ ಬಣ್ಣ ಬಳಿದ ಫ್ರಿಜ್ ತಂದಿಟ್ಟು ಹೋಗುತ್ತಾರೆ. ಪೆಟ್ಟಿಗೆ ಅವರದು, ಕರೆಂಟು ನಿಮ್ಮದು. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಕೊಡುವವರಿಗೆ ಕಡಿಮೆ ಕರೆಂಟಿನ ಯಂತ್ರದಿಂದ ಒಂದು ಪೈಸೆ ಉಳಿಯುವುದಿಲ್ಲ, ಹಾಗಾಗಿ ನೀವು ಕೇಳದೆ ಅವರಾಗಿ ಒಳ್ಳೆಯದು ತಂದಿಡುತ್ತಾರೆ ಅಂತ ಕಾಯಬೇಡಿ.

ಕೇಳಿ. "ಇದು ದಿನಕ್ಕೆ ಎಷ್ಟು ಯೂನಿಟ್? ಹೊಸದಾ, ಬೇರೆ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದಾ? ರಬ್ಬರ್ ಬದಲಾಯಿಸಿದ್ದೀರಾ?" ದಿನಕ್ಕೆ 5 ಯೂನಿಟ್ ತಿನ್ನುವ ಕೂಲರ್ ಅಂದರೆ ಎಂಟು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 1200. ಆ ಕಂಪನಿಯ ಬಾಟಲಿಯಿಂದ ನಿಮಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಕೆಲವೊಮ್ಮೆ ಆ ಎರಡು ಸಂಖ್ಯೆಗಳು ನೋಡಲು ಚೆನ್ನಾಗಿರುವುದಿಲ್ಲ.

ಮೇಲಿನ ಬೋರ್ಡಿನ ಲೈಟಿಗೆ ಬೇರೆ ಸ್ವಿಚ್ ಇದ್ದರೆ ರಾತ್ರಿ ಆರಿಸಿ. ಕೂಲ್‌ಡ್ರಿಂಕ್ಸ್ ಮಾತ್ರ ಇರುವ ಕೂಲರನ್ನು ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಪೂರ್ತಿ ಆರಿಸಿದರೂ ಮಾಲು ಕೆಡುವುದಿಲ್ಲ. ಆದರೆ ಅದರೊಳಗೆ ಹಾಲು, ಮೊಸರು, ಪನೀರು ಒಂದು ಪೊಟ್ಟಣ ಇದ್ದರೂ ಆರಿಸಬೇಡಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡೇ ಮಾತು: ಲೇಬಲ್ ಹಳೆಯದು, ಅದರಲ್ಲಿನ ಸಂಖ್ಯೆ ಹೊಸ ಪೆಟ್ಟಿಗೆಯದು. ಪಫ್ ಒಳಗೆ ನೀರು ಕುಡಿದಿದ್ದರೆ ಸ್ಟಾರ್ ಲೆಕ್ಕಕ್ಕೇ ಇಲ್ಲ. ಓಡುತ್ತಿರುವಾಗ ಹೊರಮೈ ಮುಟ್ಟಿ ನೋಡಿ, ಎಲ್ಲಾದರೂ ಒಂದು ಕಡೆ ಮಾತ್ರ ಬೆವರಿದ್ದರೆ ಬಿಟ್ಟು ಬನ್ನಿ.

ಯುರೋಪಿನಲ್ಲಿ ಅಂಗಡಿ ಇಟ್ಟಿರುವವರಿಗೆ

ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್ ಕಡೆ ಇಂಡಿಯನ್ ಸ್ಟೋರ್ ನಡೆಸುವವರಿಗೆ ಲೇಬಲ್ ಬೇರೆ. ಅಲ್ಲಿ ಸ್ಟಾರ್ ಇಲ್ಲ, ಎ ಇಂದ ಜಿ ವರೆಗೆ ಅಕ್ಷರಗಳು. ಎ ಒಳ್ಳೆಯದು, ಜಿ ಕೊನೆಯದು. ಗಿರಾಕಿಗಳು ನೇರವಾಗಿ ಕೈ ಹಾಕುವ ಸೂಪರ್‌ಮಾರ್ಕೆಟ್ ಶೆಲ್ಫು, ಪಾನೀಯದ ಕೂಲರ್, ಐಸ್‌ಕ್ರೀಮ್ ಫ್ರೀಜರ್ ಇವಕ್ಕೆ 2021ರ ಮಾರ್ಚ್ 1ರಿಂದ ಈ ಲೇಬಲ್ ಇದೆ. ಮೂಲೆಯಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಸ್ಕ್ಯಾನ್ ಮಾಡಿದರೆ ಎಪ್ರೆಲ್ ಅನ್ನುವ ಯುರೋಪಿನ ಸಾರ್ವಜನಿಕ ದತ್ತಾಂಶಕ್ಕೆ ಹೋಗುತ್ತದೆ. ಸಿ, ಡಿ ಅಕ್ಷರ ನೋಡಿ ಮೂಗು ಮುರಿಯಬೇಡಿ. ಮುಂದೆ ಬರುವ ಯಂತ್ರಗಳಿಗೆ ಜಾಗ ಇರಲಿ ಅಂತ ಮೇಲಿನ ಅಕ್ಷರಗಳನ್ನು ಶುರುವಿನಲ್ಲಿ ಖಾಲಿ ಬಿಡುವ ಹಾಗೇ ಅಳತೆ ಮಾಡಿದ್ದಾರೆ.

ಅಡುಗೆಮನೆಯ ಸ್ಟೀಲ್ ಬೀರುಗಳಿಗೆ ಅಲ್ಲಿ 2016ರ ಜುಲೈನಿಂದ ಬೇರೆಯೇ ಲೇಬಲ್ ಇದೆ. ಅದರ ಅಕ್ಷರವನ್ನು ಇದರ ಅಕ್ಷರದ ಜೊತೆ ಹೋಲಿಸಬಾರದು.

ಅಲ್ಲಿಂದ ಇಲ್ಲಿಗೆ ಆಮದಾದ ಯಂತ್ರ ಕೊಳ್ಳುವವರಿಗೂ ಒಂದು ವಿಷಯ. ಯುರೋಪಿನಲ್ಲಿ ಸೂಪರ್‌ಮಾರ್ಕೆಟ್ ಶೆಲ್ಫುಗಳನ್ನು ಪರೀಕ್ಷೆ ಮಾಡುವುದು 25 ಡಿಗ್ರಿ ಬಿಸಿಯ ಕೋಣೆಯಲ್ಲಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ 25 ಡಿಗ್ರಿ ಎಲ್ಲಿಂದ ತರುವುದು?

ಹೆಜ್ಜೆ 6: ಲೇಬಲ್ಲಿನ ಸಂಖ್ಯೆ ನಿಮ್ಮ ಅಂಗಡಿಯಲ್ಲೂ ಬರುವ ಹಾಗೆ ಇಡಿ

ಲೇಬಲ್ ಮೇಲಿನ ಯೂನಿಟ್ ಪರೀಕ್ಷಾ ಕೋಣೆಯದ್ದು. ಅಲ್ಲಿ ಯಾವ ಮಗುವೂ ಮುಚ್ಚಳ ತೆಗೆದು "ಮ್ಯಾಂಗೋ ಬೇಕಾ, ಚಾಕೊಬಾರ್ ಬೇಕಾ" ಅಂತ ಯೋಚನೆ ಮಾಡುತ್ತ ನಿಲ್ಲುವುದಿಲ್ಲ. ಓವನ್ನೂ ಇರುವುದಿಲ್ಲ.

ಒಲೆ, ಓವನ್, ಬಿಸಿಲಿನಿಂದ ದೂರ ಇಡಿ. ಪೆಟ್ಟಿಗೆಯ ಸುತ್ತ ಒಂದು ಗೇಣು ಜಾಗ ಬಿಡಿ. ಒಳಗಿನ ಬಿಸಿಯನ್ನು ಹೊರಗೆ ಹಾಕುವುದೇ ಅದರ ಕೆಲಸ, ಜಾಗ ಇಲ್ಲದಿದ್ದರೆ ಎಲ್ಲಿ ಹಾಕಬೇಕು? ಅಕ್ಕಿ ಮೂಟೆ, ಖಾಲಿ ಕ್ರೇಟು ಒರಗಿಸಿ ಜಾಲರಿ ಮುಚ್ಚುವುದು ನಮ್ಮ ಅಂಗಡಿಗಳ ದೊಡ್ಡ ಚಾಳಿ.

ಬೇಕರಿಯವರಿಗೆ ವಿಶೇಷವಾಗಿ ಹೇಳುತ್ತೇನೆ: ಮೈದಾ ಧೂಳು. ನಮ್ಮ ಪೆಟ್ಟಿಗೆಯ ಕಂಪ್ರೆಸರ್ ಪಕ್ಕದ ಜಾಲರಿ ಬಿಚ್ಚಿದಾಗ ಕಾಯಿಲ್, ಅಂದರೆ ಬಿಸಿಯನ್ನು ಹೊರಗೆ ಹಾಕುವ ಕೊಳವೆಯ ಸುರುಳಿ, ಕಾಣಲೇ ಇಲ್ಲ. ಮೈದಾ, ಎಣ್ಣೆ ಜಿಡ್ಡು, ಧೂಳು ಸೇರಿ ಬೂದು ಬಣ್ಣದ ಕಂಬಳಿ ಹೊದ್ದುಕೊಂಡಿತ್ತು. ಹುಡುಗ ಹಳೆಯ ಪೇಂಟ್ ಬ್ರಶ್‌ನಲ್ಲಿ ಉಜ್ಜಿ, ಬ್ಲೋವರ್ ಹಿಡಿದ. ಹತ್ತು ನಿಮಿಷದ ಕೆಲಸ. ಈಗ ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಅಂತ ಗುರುತಿಟ್ಟು, ಪ್ಲಗ್ ಕಿತ್ತು ನಾವೇ ಮಾಡುತ್ತೇವೆ.

ಬಾಗಿಲ ರಬ್ಬರ್ ಪರೀಕ್ಷೆ ಇನ್ನೂ ಸುಲಭ. ಒಂದು ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಮುಚ್ಚಳ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬದಿ ಹೀಗೆ ನೋಡಿ. ರಬ್ಬರ್ ಬದಲಾಯಿಸುವ ಮೊದಲು ಬಿಸಿನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಎಷ್ಟೋ ಸಲ ಬರೀ ಜಿಡ್ಡಿನ ತೊಂದರೆ ಇರುತ್ತದೆ.

ಒಳಗಿನ ಗೋಡೆಯಲ್ಲಿ ಅರ್ಧ ಸೆಂಟಿಮೀಟರ್ ಐಸು ಕಟ್ಟಿದರೆ ಆರಿಸಿ ಕರಗಿಸಿ. ಐಸು ಇದ್ದಷ್ಟೂ ತಂಪು ಅನ್ನುವುದು ತಪ್ಪು. ಆ ಪದರವೇ ತಂಪನ್ನು ಮಾಲಿಗೆ ತಲುಪದಂತೆ ತಡೆಯುತ್ತದೆ. ಇನ್ನು ಥರ್ಮೋಸ್ಟಾಟ್. ಫ್ರೋಜನ್ ಮಾಲಿಗೆ, ಐಸ್‌ಕ್ರೀಮ್‌ಗೆ ಮೈನಸ್ 18 ಡಿಗ್ರಿ ಬೇಕು, ಅದಕ್ಕಿಂತ ಬಿಸಿಯಾಗಬಾರದು. ಹಾಗಂತ ಗುಂಡಿಯನ್ನು ಪೂರ್ತಿ ತಿರುಗಿಸಿ ಮೈನಸ್ 24ಕ್ಕೆ ಇಟ್ಟರೆ ಐಸ್‌ಕ್ರೀಮ್ ಕಲ್ಲಾಗುತ್ತದೆ, ಬಿಲ್ಲು ಏರುತ್ತದೆ. ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟು, ಅದನ್ನು ನೋಡಿ ಗುಂಡಿ ತಿರುಗಿಸಿ.

ಗಾಜಿನ ಪೆಟ್ಟಿಗೆಗೆ ರಾತ್ರಿ ಬಾಗಿಲು ಹಾಕುವಾಗ ಮೇಲೊಂದು ದಪ್ಪ ಥರ್ಮೋಕೋಲ್ ಹಲಗೆ ಹಾಸಿ. ಗಾಜಿನ ಮೇಲೆ ಮಾತ್ರ ಹಾಸಿ, ಪಕ್ಕದ ಗಾಳಿ ಜಾಲರಿ ಮುಚ್ಚಬೇಡಿ.

ಹೆಜ್ಜೆ 7: ಮೀಟರಿನಲ್ಲಿ ಅಳೆಯಿರಿ

ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರ್ ಸಿಗುತ್ತದೆ. ತಗೊಳ್ಳುವುದಾದರೆ 16 ಆಂಪಿಯರ್‌ನದ್ದು ತಗೊಳ್ಳಿ. ಅದಿಲ್ಲದಿದ್ದರೂ ಅಂಗಡಿಯ ಮೀಟರೇ ಸಾಕು.

ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚುವಾಗ ಫ್ರೀಜರ್ ಒಂದನ್ನು ಬಿಟ್ಟು ಉಳಿದೆಲ್ಲ ಎಂಸಿಬಿ ಇಳಿಸಿ. ಬೇರೆ ಫ್ರಿಜ್‌ಗಳಲ್ಲಿ ಕೆಡುವ ಮಾಲು ಇಲ್ಲದ ದಿನ ನೋಡಿಕೊಳ್ಳಿ. ಮೀಟರಿನ ಸಂಖ್ಯೆಯನ್ನು ದಶಾಂಶದ ಸಮೇತ ಫೋಟೋ ಹೊಡೆಯಿರಿ. ಬೆಳಿಗ್ಗೆ ಆರಕ್ಕೆ ಮತ್ತೆ ಹೊಡೆಯಿರಿ. ನಮ್ಮ ಗಾಜಿನ ಪೆಟ್ಟಿಗೆ ಓವನ್ ಪಕ್ಕದಲ್ಲಿದ್ದಾಗ ಎಂಟು ಗಂಟೆಗೆ 1.2 ಯೂನಿಟ್ ಬಂತು. ಅಂದರೆ ದಿನಕ್ಕೆ 3.6. ಲೇಬಲ್ ಪ್ರಕಾರ ಬರಬೇಕಾದ್ದು ಎರಡೂವರೆ. ಅದೂ ಓವನ್ ಆರಿಸಿದ, ಯಾರೂ ಗಾಜು ತೆಗೆಯದ ರಾತ್ರಿಯ ಲೆಕ್ಕ. ಹಗಲಿನದ್ದು ಇನ್ನೂ ಜಾಸ್ತಿಯೇ ಇದ್ದಿರಬೇಕು.

ಒಂದು ರಾತ್ರಿ ಕಾಯಲು ಆಗದಿದ್ದರೆ ಮೀಟರಿನಲ್ಲಿ ಮಿನುಗುವ ಕೆಂಪು ದೀಪ ನೋಡಿ. ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, 3200 ಅಂತ ಇಟ್ಟುಕೊಳ್ಳಿ. ಕಂಪ್ರೆಸರ್ ಓಡುತ್ತಿರುವಾಗ ಹದಿನೈದು ನಿಮಿಷ ಎಣಿಸಿ. 160 ಸಲ ಮಿನುಗಿದರೆ ಅದು 0.05 ಯೂನಿಟ್, ಅಂದರೆ ಆ ಹೊತ್ತಿನಲ್ಲಿ 200 ವ್ಯಾಟ್ ಎಳೆಯುತ್ತಿದೆ. ಜೊತೆಗೆ ಒಂದು ಗಂಟೆಯಲ್ಲಿ ಎಷ್ಟು ನಿಮಿಷ ಓಡಿತು, ಎಷ್ಟು ನಿಮಿಷ ಕಟ್ ಆಫ್ ಆಯಿತು ಅಂತ ಗಡಿಯಾರ ನೋಡಿ ಬರೆಯಿರಿ.

ಹೊಸ ಪೆಟ್ಟಿಗೆಯನ್ನು ತಂದ ದಿನವೇ ಅಳೆಯಬೇಡಿ. ಬಿಸಿ ಮಾಲು ತುಂಬಿರುತ್ತೀರಿ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಮೂರು ನಾಲ್ಕು ದಿನ ಬಿಟ್ಟು ಅಳೆದು, ತಾರೀಖು ಹಾಕಿ ಮುಚ್ಚಳದ ಒಳಗಡೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೆದು ಅದರ ಕೆಳಗೆ ಬರೆಯಿರಿ. ಏಪ್ರಿಲ್‌ನಲ್ಲಿ ಸ್ವಲ್ಪ ಏರುವುದು ಸಹಜ. ಮಳೆಗಾಲದಲ್ಲೂ ಇಳಿಯದಿದ್ದರೆ ಮೊದಲು ಕಾಯಿಲ್ ನೋಡಿ, ಆಮೇಲೆ ರಬ್ಬರ್. ಎರಡೂ ಸರಿ ಇದ್ದರೆ ಮಾತ್ರ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಗ್ಯಾಸ್ ಸೋರುತ್ತಿರಬಹುದು.